ಕೈಯ ಜಾಣ್ಮೆಗೆ ಕಾನೂನಿನ ಕಾವಲು

ಹೋಟೆಲಿನ ಅಡುಗೆಮನೆಯನ್ನು ಹೊರಗಿನಿಂದ ಮಾತ್ರ ಕಂಡವರು ಅಲ್ಲಿ ಬೆಂಕಿ, ಹೊಗೆ, ಗದ್ದಲಗಳ ಹೊರತು ಬೇರೇನೂ ಇಲ್ಲವೆಂದು ತಿಳಿಯುತ್ತಾರೆ. ಆ ಬೆಂಕಿಯ ಮುಂದೆ ಹಲವು ವರುಷಗಳನ್ನು ಕಳೆದ ನಮಗೆ ಬೇರೊಂದು ಸಂಗತಿ ಗೊತ್ತಿದೆ. ಅಲ್ಲಿ ಬುದ್ಧಿಯೂ ದಿನವಿಡೀ ದುಡಿಯುತ್ತಿರುತ್ತದೆ. ಸುಡುವ ಪಾತ್ರೆಯನ್ನು ಇಳಿಸುವುದಕ್ಕೆ ಒಬ್ಬನು ಕೊಕ್ಕೆಯೊಂದನ್ನು ಬಗ್ಗಿಸಿಕೊಳ್ಳುತ್ತಾನೆ. ತೆಂಗಿನಕಾಯಿ ತುರಿಯುವುದಕ್ಕೆ ಇನ್ನೊಬ್ಬನು ಹಳೆಯ ಮೋಟಾರಿಗೆ ಹೊಸ ಹಲ್ಲು ಜೋಡಿಸುತ್ತಾನೆ. ಇವರು ಯಾರೂ ತಮ್ಮನ್ನು ಶೋಧಕರೆಂದು ಕರೆದುಕೊಳ್ಳುವುದಿಲ್ಲ. ಇತರರೂ ಅವರನ್ನು ಹಾಗೆ ಕರೆಯುವುದಿಲ್ಲ.

ನಾವು ಈ ನಗರದಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದ ಮಾತು. ಕುಂದಾಪುರದ ಕಡೆಯ ಯುವಕನೊಬ್ಬನು ನಮ್ಮಲ್ಲಿ ಇಡ್ಲಿಯ ಪೆಟ್ಟಿಗೆಯ ಮುಂದೆ ದುಡಿಯುತ್ತಿದ್ದನು. ಬಾಗಿಲು ತೆರೆದಾಗಲೆಲ್ಲ ಆವಿ ಮೊಗಕ್ಕೂ ಮುಂಗೈಗೂ ಬಡಿದು ಅವನ ಚರ್ಮ ಬೊಬ್ಬೆಯೇಳುತ್ತಿತ್ತು. ಒಂದು ಮಳೆಗಾಲದಲ್ಲಿ ಅವನು ಗುಜರಿಯಿಂದ ತಂದ ಕಬ್ಬಿಣದ ಸರಳುಗಳಿಂದ ಬಾಗಿಲಿನ ಹಿಡಿಗೂ ಆವಿಯ ನಳಿಗೆಗೂ ಒಂದು ಕೊಂಡಿಯನ್ನು ಮಾಡಿದನು. ಹಿಡಿಯನ್ನು ತಿರುಗಿಸಿದೊಡನೆ ಮೊದಲು ಆವಿ ನಿಲ್ಲುವುದು, ಒಳಗಿದ್ದದ್ದು ಮೇಲಿನ ಕೊಳವೆಯಿಂದ ಹೊರಗೆ ಹೋಗುವುದು, ಆಮೇಲೆ ಬಾಗಿಲು ತೆರೆಯುವುದು. ನಮಗೆ ಬಹಳ ಸಂತೋಷವಾಯಿತು. ಬಂದವರಿಗೆಲ್ಲ ಕರೆದು ತೋರಿಸಿದೆವು. ಪಾತ್ರೆಪರಡಿ ಮಾಡುವ ಒಬ್ಬ ವ್ಯಾಪಾರಿಯನ್ನು ಕರೆಯಿಸಿ, ಇಂಥವೇ ಇನ್ನೆರಡು ಮಾಡಿಕೊಡಿರೆಂದು ಅಳತೆಯನ್ನೂ ಕೊಟ್ಟೆವು. ಒಂದು ವರುಷ ಕಳೆಯುವುದರೊಳಗೆ ಆ ವ್ಯಾಪಾರಿಯು ಅಂಥ ಪೆಟ್ಟಿಗೆಗಳನ್ನು ತನ್ನ ಹೆಸರಿನಲ್ಲಿ ಹತ್ತಾರು ಹೋಟೆಲುಗಳಿಗೆ ಮಾರಿದ್ದನು. ಆ ಹುಡುಗನಿಗೆ ದೊರೆತದ್ದು ದೀಪಾವಳಿಗೆ ನಾವು ಕೊಟ್ಟ ಒಂದು ಜೊತೆ ಬಟ್ಟೆ.

ಆ ಕೊಂಡಿಗೆ ಪೇಟೆಂಟ್ ದೊರೆಯುತ್ತಿತ್ತೋ ಇಲ್ಲವೋ ಎಂಬುದನ್ನು ಇಂದು ಹೇಳಲಾಗದು. ಕೇಳಬೇಕೆಂಬ ಯೋಚನೆ ಅವನಿಗೂ ಹೊಳೆಯಲಿಲ್ಲ, ಧಣಿಗಳೆನಿಸಿಕೊಂಡ ನಮಗೂ ಹೊಳೆಯಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬಂತೆ ಕಾಯಿದೆಯ ಪುಸ್ತಕವನ್ನು ನಾವು ಬಿಡಿಸಿ ನೋಡಿದ್ದು ಆಮೇಲೆ. ಈ ಗಾದಿಯಲ್ಲಿ ಕುಳಿತ ಮೇಲೆ ಇದೇ ಬಗೆಯ ಪ್ರಶ್ನೆಗಳನ್ನು ಹೊತ್ತು ನಮ್ಮ ಕಚೇರಿಗೆ ಬರುವ ಬಂಧುಗಳನ್ನು ಕಾಣುತ್ತಿದ್ದೇವೆ. ಆದುದರಿಂದ ನಾವು ತಿಳಿದುಕೊಂಡುದನ್ನು ಇಲ್ಲಿ ಸರಳವಾಗಿ ಹೇಳಿ, ಕೊನೆಯಲ್ಲಿ ನಮ್ಮ ಅಭಿಪ್ರಾಯವನ್ನೂ ಮುಂದಿಡುತ್ತೇವೆ.

ಮೊದಲನೆಯ ಪ್ರಶ್ನೆ ಎಲ್ಲರದೂ ಒಂದೇ: "ನನ್ನ ತಲೆಯಲ್ಲಿ ಒಂದು ವಿಚಾರವಿದೆ, ಅದಕ್ಕೆ ಪೇಟೆಂಟ್ ಸಿಗುವುದೇ?" ಬರಿಯ ವಿಚಾರಕ್ಕೆ ಸಿಗುವುದಿಲ್ಲ. ಕಾರ್ಯರೂಪಕ್ಕೆ ತರಬಲ್ಲ ವಸ್ತುವಿಗೆ ಅಥವಾ ವಿಧಾನಕ್ಕೆ ಮಾತ್ರ ಸಿಗುತ್ತದೆ. ನಮ್ಮ ದೇಶದಲ್ಲಿ ಈ ಬಗೆಯ ಹಕ್ಕಿನ ಮೊದಲ ಕಾಯಿದೆ ಹುಟ್ಟಿದ್ದು 1856ರಲ್ಲಿ. ಅದೇ ವರುಷದ ಮಾರ್ಚ್ 3ರಂದು ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಎಂಬ ಇಂಜಿನಿಯರರು ಮೊದಲ ಅರ್ಜಿಯನ್ನು ಹಾಕಿದರು. ಯಾತಕ್ಕೆಂದರೆ, ಪಂಖಾ ಎಳೆಯುವ ಯಂತ್ರಕ್ಕೆ! ಅಂದಿನ ದೊರೆಗಳ ತಲೆಯ ಮೇಲೆ ತೂಗುತ್ತಿದ್ದ ಬಟ್ಟೆಯ ಬೀಸಣಿಗೆಯನ್ನು ಮೂಲೆಯಲ್ಲಿ ಕುಳಿತ ಕೂಲಿಯೊಬ್ಬನು ಹಗಲಿರುಳು ಎಳೆಯಬೇಕಿತ್ತು. "ಪಂಖಾ ತಾನಾಗಿ ಬೀಸಿದರೆ ಚೆನ್ನ" ಎಂಬ ವಿಚಾರ ಆ ಕೂಲಿಗೂ ಸಾವಿರ ಸಲ ಬಂದಿದ್ದೀತು. ಆದರೆ ಯಂತ್ರದ ವಿವರಣೆಯನ್ನೂ ನಕ್ಷೆಗಳನ್ನೂ ಬರೆದು ಒಪ್ಪಿಸಿದವರು ಡಿಪೆನಿಂಗರು, ಹಕ್ಕು ಅವರದಾಯಿತು. ವಿಚಾರಕ್ಕೂ ಶೋಧಕ್ಕೂ ಇರುವ ಅಂತರವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಇಂದು ನಮ್ಮನ್ನು ಆಳುವುದು 1970ರ ಪೇಟೆಂಟ್ ಕಾಯಿದೆ. ಅದಕ್ಕೆ ತಳಹದಿ ಹಾಕಿದ್ದು ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಕೊಟ್ಟ ವರದಿ. ಈ ದೇಶದಲ್ಲಿ ಕೊಡಲಾದ ಪೇಟೆಂಟುಗಳಲ್ಲಿ ಬಹುಪಾಲು ವಿದೇಶೀಯರ ಕೈಯಲ್ಲಿವೆಯೆಂಬುದನ್ನು ಅವರು ಅದರಲ್ಲಿ ಎತ್ತಿ ತೋರಿಸಿದ್ದರು. 1972ರ ಏಪ್ರಿಲ್ 20ರಂದು ಜಾರಿಗೆ ಬಂದ ಆ ಕಾಯಿದೆಯು 1999, 2002 ಮತ್ತು 2005ರಲ್ಲಿ ದೊಡ್ಡ ತಿದ್ದುಪಡಿಗಳನ್ನು ಕಂಡಿತು. ಅದರಂತೆ ಪೇಟೆಂಟ್ ದೊರೆಯಬೇಕಾದರೆ ಮೂರು ಗುಣಗಳಿರಬೇಕು. ವಸ್ತುವು ಹೊಸದಾಗಿರಬೇಕು, ಅಂದರೆ ಜಗತ್ತಿನಲ್ಲೆಲ್ಲೂ ಮೊದಲೇ ಪ್ರಕಟವಾಗಿರಬಾರದು. ಆ ಕಸುಬನ್ನು ಬಲ್ಲವನಿಗೆ "ಇದೇನು ಮಹಾ, ಯಾರಿಗಾದರೂ ಹೊಳೆಯುತ್ತಿತ್ತು" ಎನಿಸದಂತೆ ಅದರಲ್ಲಿ ಒಂದು ಹೆಜ್ಜೆ ಮುಂದಿಟ್ಟಿರಬೇಕು. ಮೂರನೆಯದಾಗಿ, ಉದ್ಯಮದಲ್ಲಿ ಮಾಡಲು ಅಥವಾ ಬಳಸಲು ಬರುವಂತಿರಬೇಕು. ಈ ಮೂರೂ ಇದ್ದರೆ ಅರ್ಜಿ ಹಾಕಿದ ದಿನದಿಂದ 20 ವರುಷಗಳವರೆಗೆ, ಶೋಧಕನ ಒಪ್ಪಿಗೆಯಿಲ್ಲದೆ ಬೇರೊಬ್ಬನು ಅದನ್ನು ಮಾಡುವಂತಿಲ್ಲ, ಮಾರುವಂತಿಲ್ಲ. ಅವಧಿ ತೀರಿದ ಮೇಲೆ ಅದು ಎಲ್ಲರ ಸೊತ್ತು. ಗುಟ್ಟನ್ನು ಲೋಕಕ್ಕೆ ಬಿಟ್ಟುಕೊಟ್ಟವನಿಗೆ ಲೋಕವು ಕೊಡುವ ಪ್ರತಿಫಲವಿದು.

ನಮ್ಮ ಬಂಧುಗಳ ಎರಡನೆಯ ಪ್ರಶ್ನೆ: "ನನ್ನ ಸಾಂಬಾರಿನ ಪುಡಿಗೆ ಪೇಟೆಂಟ್ ಮಾಡಿಸಬಹುದೇ?" ಸಾಮಾನ್ಯವಾಗಿ ಆಗದು. ಶೋಧಗಳೆಂದು ಎಣಿಸಬಾರದ ಸಂಗತಿಗಳನ್ನು ಕಾಯಿದೆಯ 3ನೆಯ ಕಲಮು ಪಟ್ಟಿಮಾಡಿದೆ. ಪದಾರ್ಥಗಳನ್ನು ಬೆರೆಸಿದಾಗ ಒಂದೊಂದರ ಗುಣವೂ ಹಾಗೆಯೇ ಕೂಡಿಬಂದರೆ ಅದು ಬರಿಯ ಮಿಶ್ರಣ, ಅದಕ್ಕೆ ಹಕ್ಕಿಲ್ಲ. ಅಜ್ಜಿಯಂದಿರ ಕಾಲದಿಂದ ಬಂದ ಸಾಂಪ್ರದಾಯಿಕ ಜ್ಞಾನಕ್ಕೂ ಇಲ್ಲ. ಗುಮಾಸ್ತ ಮಿತ್ರರೊಬ್ಬರು ಲೆಕ್ಕ ಬರೆಯುವ ಹೊಸ ಕ್ರಮವೊಂದನ್ನು ತೋರಿಸಿದ್ದರು. ಅದು ಅಚ್ಚುಕಟ್ಟಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೆ ವ್ಯವಹಾರದ ವಿಧಾನ, ಗಣಿತದ ಸೂತ್ರ, ಬರಿಯ ಕಂಪ್ಯೂಟರ್ ಪ್ರೋಗ್ರಾಂ, ಆಟದ ನಿಯಮ ಇವುಗಳೂ ಆ ಪಟ್ಟಿಯಲ್ಲಿವೆ. ತಿಳಿದಿರುವ ಉಪಕರಣಗಳನ್ನು ಸುಮ್ಮನೆ ಅಕ್ಕಪಕ್ಕ ಜೋಡಿಸಿ, ಒಂದೊಂದೂ ತನ್ನ ಹಳೆಯ ಕೆಲಸವನ್ನೇ ಬೇರೆ ಬೇರೆಯಾಗಿ ಮಾಡುತ್ತಿದ್ದರೆ ಅದಕ್ಕೂ ಇಲ್ಲ.

ಈ ನಿಷೇಧದಿಂದ ನಮಗೆ ನಷ್ಟವೆಂದು ಭಾವಿಸಬೇಡಿರಿ. ಅರಿಸಿನವು ಗಾಯವನ್ನು ಮಾಯಿಸುತ್ತದೆಂದು 1995ರಲ್ಲಿ ಅಮೆರಿಕೆಯ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಲ್ಲಿಯ ಸರಕಾರ ಪೇಟೆಂಟ್ ಕೊಟ್ಟಿತ್ತು. ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಅಡುಗೆಮನೆಯ ಜ್ಞಾನವನ್ನು ಒಬ್ಬನೇ ಬೀಗ ಹಾಕಿಕೊಳ್ಳಬಾರದೆಂಬ ನಿಯಮವು ನಮ್ಮನ್ನು ಕಾಯುವ ನಿಯಮವೇ ಆಗಿದೆ.

ಹಾಗಾದರೆ ಪುಡಿ ಮಾಡುವವನಿಗೆ ರಕ್ಷಣೆಯೇ ಇಲ್ಲವೇ? ಇದೆ, ಆದರೆ ಬಾಗಿಲು ಬೇರೆ. ಅಂಗಡಿಯ ಹೆಸರನ್ನೂ ಗುರುತನ್ನೂ ಟ್ರೇಡ್ ಮಾರ್ಕ್ ಕಾಯಿದೆಯಂತೆ ನೋಂದಾಯಿಸಬಹುದು. ಅದು 10 ವರುಷಕ್ಕೊಮ್ಮೆ ನವೀಕರಿಸಿದಷ್ಟು ಕಾಲವೂ ಉಳಿಯುತ್ತದೆ. ಲೋಟ, ತಟ್ಟೆಗಳ ಹೊಸ ಆಕಾರವನ್ನು 2000ದ ಡಿಸೈನ್ ಕಾಯಿದೆಯಂತೆ ಮೊದಲು 10 ವರುಷಕ್ಕೂ ಮತ್ತೆ 5 ವರುಷಕ್ಕೂ ಕಾಯ್ದುಕೊಳ್ಳಬಹುದು. ಒಂದು ಸೀಮೆಗೇ ಸೇರಿದ ಕೀರ್ತಿಯನ್ನು ಭೌಗೋಳಿಕ ಗುರುತಿನ ಕಾಯಿದೆ ಕಾಯುತ್ತದೆ. ಧಾರವಾಡದ ಪೇಡೆ, ಉಡುಪಿಯ ಮಲ್ಲಿಗೆ, ಮಟ್ಟುಗುಳ್ಳಗಳು ಈ ಗುರುತನ್ನು ಪಡೆದಿವೆ. ಪುಡಿಯ ಪಾಕವನ್ನೋ, ಬಾಯಿ ಬಿಡದೆ ಗುಟ್ಟಾಗಿ ಇಟ್ಟುಕೊಳ್ಳುವುದೇ ಲೇಸು.

ಮೂರನೆಯ ಪ್ರಶ್ನೆಯೇ ನಮ್ಮವರನ್ನು ಹೆಚ್ಚಾಗಿ ಮುಳುಗಿಸಿರುವುದು: "ನಾಲ್ಕು ಜನಕ್ಕೆ ತೋರಿಸಿಯಾಗಿದೆ, ಈಗ ಅರ್ಜಿ ಹಾಕಬಹುದೇ?" ಬಂಧುಗಳೇ, ಮೊದಲು ಅರ್ಜಿ, ಆಮೇಲೆ ಪ್ರದರ್ಶನ. ಮಾರಿದರೆ, ಪತ್ರಿಕೆಯಲ್ಲಿ ಬರೆಸಿದರೆ, ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಕಳುಹಿಸಿದರೆ ಅದು ಹೊಸದೆಂಬ ಗುಣವನ್ನು ನೀವೇ ಕಳೆದುಕೊಂಡಂತೆ. ಸರಕಾರವು ಗೆಜೆಟ್ಟಿನಲ್ಲಿ ಸೂಚಿಸಿದ ಪ್ರದರ್ಶನದಲ್ಲಿ ಇಟ್ಟರೆ 12 ತಿಂಗಳ ವಿನಾಯಿತಿಯುಂಟು. ಬಹಿರಂಗವಾಗಿಯೇ ಪರೀಕ್ಷಿಸಬೇಕಾದ ಶೋಧವಾದರೆ, ಬರಿಯ ಪರೀಕ್ಷೆಗಾಗಿ ನಡೆಸಿದ್ದಕ್ಕೂ ಒಂದು ವರುಷದ ವಿನಾಯಿತಿಯುಂಟು. ಇವು ಇಕ್ಕಟ್ಟಾದ ಓಣಿಗಳು. ಇವನ್ನು ನಂಬಿಕೊಂಡು ಹೊರಡಬಾರದು. ತೋರಿಸಲೇಬೇಕಾದರೆ, ಗುಟ್ಟು ಬಿಡುವುದಿಲ್ಲವೆಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ತೋರಿಸಬೇಕು. ನಾವು ಆ ಪಾತ್ರೆ ವ್ಯಾಪಾರಿಗೆ ಅಳತೆ ಕೊಟ್ಟಾಗ ಇಂಥ ಒಂದು ಸಾಲನ್ನೂ ಬರೆಯಿಸಿಕೊಳ್ಳಲಿಲ್ಲ.

ಇದರ ಜೊತೆಗೆ ಒಂದು ಹುಸಿ ನಂಬಿಕೆಯೂ ನಮ್ಮವರಲ್ಲಿ ಹಬ್ಬಿದೆ. ಶೋಧವನ್ನು ಕಾಗದದಲ್ಲಿ ಬರೆದು, ತನಗೆ ತಾನೇ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿಕೊಂಡು, ಒಡೆಯದೆ ಇಟ್ಟರೆ ಹಕ್ಕು ಬಂತೆಂದು ಹಲವರು ತಿಳಿದಿದ್ದಾರೆ. ಆ ಲಕೋಟೆಗೆ ಪೇಟೆಂಟಿನ ಬೆಲೆಯಿಲ್ಲ. ಪೇಟೆಂಟ್ ಕಚೇರಿಯಲ್ಲಿ ಅರ್ಜಿಯನ್ನು ಮೊದಲು ಒಪ್ಪಿಸಿದವನ ತಾರೀಖೇ ಮುಖ್ಯ.

ನಾಲ್ಕನೆಯ ಪ್ರಶ್ನೆ ಖರ್ಚಿನದು. ಯಂತ್ರವಿನ್ನೂ ಪೂರ್ಣವಾಗದವರು ಮೊದಲು ತಾತ್ಕಾಲಿಕ ವಿವರಣಾಪತ್ರವನ್ನು ಒಪ್ಪಿಸಿ ತಾರೀಖನ್ನು ಗಟ್ಟಿಮಾಡಿಕೊಳ್ಳಬಹುದು. 12 ತಿಂಗಳೊಳಗಾಗಿ ಪೂರ್ಣ ವಿವರಣೆಯನ್ನು ಒಪ್ಪಿಸಬೇಕು. ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದೆ. ಒಬ್ಬ ವ್ಯಕ್ತಿಯು ಕಂಪ್ಯೂಟರ್ ಮೂಲಕ ಅರ್ಜಿ ಹಾಕಿದರೆ ಈಗಿನ ಶುಲ್ಕ 1,600 ರೂಪಾಯಿ. ಪರೀಕ್ಷಿಸಿರೆಂದು ಬೇರೆಯಾಗಿ ಕೇಳಿಕೊಳ್ಳಲು 4,000 ರೂಪಾಯಿ. 2024ರ ನಿಯಮಗಳಂತೆ ಈ ಕೋರಿಕೆಯನ್ನು 31 ತಿಂಗಳೊಳಗೆ ಮಾಡಬೇಕು. ಮರೆತವನ ಅರ್ಜಿಯನ್ನು ಹಿಂತೆಗೆದುಕೊಂಡಂತೆಯೇ ಎಣಿಸುತ್ತಾರೆ. ಪೇಟೆಂಟ್ ಬಂದ ಮೇಲೆ ಮೂರನೆಯ ವರುಷದಿಂದ ವಾರ್ಷಿಕ ಶುಲ್ಕವುಂಟು. ಅದು ಆರನೆಯ ವರುಷದವರೆಗೆ ವರುಷಕ್ಕೆ 800 ರೂಪಾಯಿಯಾಗಿದ್ದು, ಕೊನೆಯ ಐದು ವರುಷಗಳಲ್ಲಿ 8,000ಕ್ಕೆ ಏರುತ್ತದೆ. ಇವಿಷ್ಟು ಸರಕಾರಕ್ಕೆ ಸಲ್ಲುವುದು. ಪೇಟೆಂಟ್ ಏಜೆಂಟರ ಸಂಭಾವನೆ ಬೇರೆ. ಏಜೆಂಟರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ. ಆದರೆ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂಬ ಎಲ್ಲೆಕಟ್ಟು ಅರ್ಜಿಯ ಕ್ಲೇಮುಗಳಲ್ಲಿರುತ್ತದೆ. ಅದನ್ನು ಬರೆಯುವುದು ನುರಿತ ಕೈಯ ಕೆಲಸ. ಒಂದು ಮಾತು ತಪ್ಪಿದರೆ ಹೊಲವೇ ನೆರೆಯವನ ಪಾಲಾದೀತು. "ಪೇಟೆಂಟ್ ಖಂಡಿತ ಮಾಡಿಸಿಕೊಡುತ್ತೇನೆ, ಹಣ ಮುಂಗಡ ಕೊಡಿ" ಎನ್ನುವವನನ್ನು ಮಾತ್ರ ದೂರವಿಡಿರಿ. ಖಂಡಿತ ಎನ್ನುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ.

ಪೇಟೆಂಟ್ ಕಚೇರಿಗಳಿರುವುದು ಕೋಲ್ಕತಾ, ಮುಂಬಯಿ, ಚೆನ್ನೈ ಮತ್ತು ದಿಲ್ಲಿಗಳಲ್ಲಿ. ಮಹಾರಾಷ್ಟ್ರ, ಗುಜರಾತು, ಗೋವೆಗಳಲ್ಲಿರುವವರಿಗೆ ಮುಂಬಯಿಯ ಆಂಟಾಪ್ ಹಿಲ್ಲಿನ ಕಚೇರಿ; ಹೈದರಾಬಾದಿನವರಿಗೂ ತಾಯ್ನಾಡಿನಲ್ಲಿರುವವರಿಗೂ ಚೆನ್ನೈಯ ಕಚೇರಿ. ಅರ್ಜಿಯು 18 ತಿಂಗಳ ಮೇಲೆ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮುನ್ನ, ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಅರ್ಜಿ ಹಾಕಿದ ಮಾತ್ರಕ್ಕೆ ವಸ್ತುವಿನ ಮೇಲೆ "ಪೇಟೆಂಟ್ ಪಡೆದದ್ದು" ಎಂದು ಅಚ್ಚುಹಾಕಿಸಬಾರದು. ಸುಳ್ಳು ಹೇಳಿದರೆ 10 ಲಕ್ಷ ರೂಪಾಯಿಯವರೆಗೆ ದಂಡವಿದೆ.

ಐದನೆಯ ಪ್ರಶ್ನೆ: "ನನ್ನದನ್ನು ಕದ್ದವನನ್ನು ಪೊಲೀಸರು ಹಿಡಿಯುವರೇ? ಪರದೇಶದಲ್ಲೂ ಈ ಹಕ್ಕು ನಡೆಯುವುದೇ?" ಪೊಲೀಸರು ಬರುವುದಿಲ್ಲ, ಇದು ದಿವಾಣಿ ವ್ಯಾಜ್ಯ. ಜಿಲ್ಲಾ ನ್ಯಾಯಾಲಯದಲ್ಲೋ ಅದಕ್ಕಿಂತ ಮೇಲಿನದರಲ್ಲೋ ದಾವೆ ಹೂಡಿ ತಡೆಯಾಜ್ಞೆಯನ್ನೂ ನಷ್ಟಭರ್ತಿಯನ್ನೂ ಕೇಳಬೇಕು. ಅದೂ ಪೇಟೆಂಟ್ ಕೈಗೆ ಬಂದ ಮೇಲೆ. ಇಲ್ಲಿಯ ಹಕ್ಕು ಈ ದೇಶದ ಗಡಿಯಲ್ಲಿಯೇ ನಿಲ್ಲುತ್ತದೆ. ಲೋಕಕ್ಕೆಲ್ಲ ಒಂದೇ ಪೇಟೆಂಟೆಂಬುದು ಇಲ್ಲ. ದುಬೈಯಲ್ಲಿ ಹೋಟೆಲಿಟ್ಟವರು ಅಲ್ಲಿಯ ಹಕ್ಕನ್ನು ಅಲ್ಲಿಯೇ ಪಡೆಯಬೇಕು. ಇಲ್ಲಿ ಅರ್ಜಿ ಹಾಕಿ 12 ತಿಂಗಳೊಳಗೆ, ಒಪ್ಪಂದಕ್ಕೆ ಸೇರಿದ ಬೇರೆ ದೇಶಗಳಲ್ಲಿ ಹಾಕಿದರೆ ಮೊದಲ ತಾರೀಖೇ ಸಲ್ಲುತ್ತದೆ. ಆದರೆ ಭಾರತದಲ್ಲಿ ನೆಲೆಸಿರುವವನು ಇಲ್ಲಿ ಹಾಕಿ ಆರು ವಾರ ಕಾಯದೆ, ಅಥವಾ ಅನುಮತಿ ಪಡೆಯದೆ, ನೇರವಾಗಿ ಹೊರದೇಶದಲ್ಲಿ ಹಾಕುವುದು ಶಿಕ್ಷಾರ್ಹವೆಂಬುದನ್ನು ಮರೆಯಬಾರದು.

ಕೊನೆಯ ಪ್ರಶ್ನೆಯನ್ನು ಬಂಧುಗಳು ದನಿ ತಗ್ಗಿಸಿ ಕೇಳುತ್ತಾರೆ. "ನಾನು ಸಂಬಳದ ಆಳು. ಧಣಿಗಳ ಅಡುಗೆಮನೆಯಲ್ಲಿ, ಧಣಿಗಳ ಸಾಮಾನಿನಿಂದ ಮಾಡಿದೆ. ಶೋಧ ಯಾರದು?" ಕಾಯಿದೆಯು ನಿಜವಾದ ಮೊದಲ ಶೋಧಕನಿಗೆ, ಇಲ್ಲವೆ ಅವನು ಹಕ್ಕನ್ನು ಬರೆದುಕೊಟ್ಟವನಿಗೆ ಅರ್ಜಿ ಹಾಕುವ ಅಧಿಕಾರ ಕೊಟ್ಟಿದೆ. ನೌಕರರ ಶೋಧಗಳಿಗೆಂದೇ ಬೇರೆ ಕಲಮನ್ನು ನಮ್ಮ ಶಾಸನ ಬರೆದಿಲ್ಲ. ಆದುದರಿಂದ ಕೆಲಸಕ್ಕೆ ಸೇರುವಾಗ ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ ಎಂಬುದೇ ನಿರ್ಣಾಯಕವಾಗುತ್ತದೆ. ದೊಡ್ಡ ಕಂಪನಿಗಳಲ್ಲಿರುವ ಗುಮಾಸ್ತರೂ ಮೆಕ್ಯಾನಿಕರೂ ತಮ್ಮ ನೇಮಕದ ಪತ್ರವನ್ನು ಇಂದೇ ತೆಗೆದು ಓದಿನೋಡಲಿ. ಹಕ್ಕು ಧಣಿಯ ಪಾಲಾದರೂ ಪೇಟೆಂಟಿನಲ್ಲಿ ಶೋಧಕನೆಂದು ತನ್ನ ಹೆಸರನ್ನು ನಮೂದಿಸಿರೆಂದು ಕೇಳುವ ಅವಕಾಶವನ್ನು 28ನೆಯ ಕಲಮು ಕೊಟ್ಟಿದೆ. ಪೇಟೆಂಟಿನ ಹಕ್ಕನ್ನು ಬರೆದುಕೊಡುವುದು ಲಿಖಿತವಾಗಿಯೇ ಆಗಬೇಕು, ಬಾಯಿಮಾತು ಸಲ್ಲದು. ಇಬ್ಬರು ಗೆಳೆಯರು ಕೂಡಿ ಪಡೆದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಇಬ್ಬರಿಗೂ ಸಮಪಾಲು. ಒಬ್ಬನನ್ನು ಬಿಟ್ಟು ಇನ್ನೊಬ್ಬನು ತನ್ನ ಪಾಲನ್ನು ಪರರಿಗೆ ಕೊಡುವಂತಿಲ್ಲ.

ಇನ್ನು ನಮ್ಮ ಅಭಿಪ್ರಾಯ. ಮೊದಲ ಮಾತು ಹೋಟೆಲು ಮಾಲಕರಿಗೆ. ನಾವೂ ನಿಮ್ಮಲ್ಲೊಬ್ಬರಾಗಿದ್ದವರು, ಆದುದರಿಂದ ಕಟುವಾಗಿದ್ದರೂ ಹೇಳುತ್ತೇವೆ. ಕೆಲಸಗಾರನ ಕೈಗೆ ನಾವು ಸಂಬಳ ಕೊಡುತ್ತೇವೆ. ಅವನ ಬುದ್ಧಿ ಆ ಸಂಬಳದಲ್ಲಿ ಸೇರಿಲ್ಲ. ಅವನು ಹೊಸದೊಂದನ್ನು ಕಂಡುಹಿಡಿದರೆ ಅರ್ಜಿಯ ಖರ್ಚನ್ನು ನೀವು ಹಾಕಿರಿ, ಶೋಧಕನೆಂದು ಅವನ ಹೆಸರಿರಲಿ, ಬರುವ ಲಾಭದಲ್ಲಿ ಅವನ ಪಾಲೆಷ್ಟೆಂಬುದನ್ನು ಮೊದಲೇ ಕಾಗದದಲ್ಲಿ ಬರೆಯಿರಿ. ಇದರಿಂದ ನಿಮಗೆ ನಷ್ಟವಿಲ್ಲ. ಪಾಲುಂಟೆಂದು ತಿಳಿದವನು ಇನ್ನೂ ನಾಲ್ಕು ಹೊಸದನ್ನು ಯೋಚಿಸುತ್ತಾನೆ. ಇಲ್ಲವೆಂದು ತಿಳಿದವನು ಕೈಕಟ್ಟಿ ಕೂಡುತ್ತಾನೆ, ಅಥವಾ ಹೊರಗಿನವನಿಗೆ ಹೇಳುತ್ತಾನೆ.

ಎರಡನೆಯ ಮಾತು ನಮ್ಮ ಸಂಘಗಳಿಗೆ. ಊರಿನಿಂದ ಬರಿಗೈಯಲ್ಲಿ ಬಂದ ಹುಡುಗರಿಗೆ ರಾತ್ರಿ ಶಾಲೆ ನಡೆಸಿ ಅಕ್ಷರ ಕಲಿಸಿದ ಪರಂಪರೆ ನಮ್ಮದು. ಅಂದು ಅಕ್ಷರವಿಲ್ಲದಿರುವುದು ಹೇಗೆ ಮೋಸಕ್ಕೆ ದಾರಿಯಾಗಿತ್ತೋ, ಇಂದು ಕಾಯಿದೆಯ ಅರಿವಿಲ್ಲದಿರುವುದು ಹಾಗೆಯೇ ದಾರಿಯಾಗಿದೆ. ನಾಟಕ, ಯಕ್ಷಗಾನ, ಸನ್ಮಾನಗಳು ನಡೆಯಲಿ. ಅವುಗಳ ನಡುವೆ ತಿಂಗಳಿಗೊಂದು ಸಂಜೆ, ನಮ್ಮವರಲ್ಲೇ ಇರುವ ವಕೀಲರನ್ನೂ ಇಂಜಿನಿಯರರನ್ನೂ ಕೂಡಿಸಿ, ಇಂಥ ಪ್ರಶ್ನೆಗಳಿಗೆ ಉಚಿತವಾಗಿ ಉತ್ತರ ಕೊಡಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಮೂರನೆಯ ಮಾತು ಸರಕಾರಕ್ಕೆ. ಪೇಟೆಂಟಿನ ಕಾಗದಪತ್ರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕೆಂದು ನಿಯಮವಿದೆ. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿ ಕೈಕೆಲಸ ಮಾಡುವವನು ತನ್ನ ಶೋಧವನ್ನು ಪರಭಾಷೆಯಲ್ಲಿ ವಿವರಿಸಲು ಪರರನ್ನು ಆಶ್ರಯಿಸಬೇಕಾಗುತ್ತದೆ. ಗುಟ್ಟು ಸೋರುವುದು ಅಲ್ಲಿಯೇ. ತಾತ್ಕಾಲಿಕ ವಿವರಣೆಯನ್ನಾದರೂ ದೇಶಭಾಷೆಗಳಲ್ಲಿ ಒಪ್ಪಿಸಿ ತಾರೀಖು ಪಡೆಯಲು ಬಿಟ್ಟು, ಭಾಷಾಂತರಕ್ಕೆ ಕೆಲವು ತಿಂಗಳ ಕಾಲಾವಕಾಶ ಕೊಡಬಾರದೇಕೆ? ಜರ್ಮನಿಯಲ್ಲಿ 1891ರಿಂದಲೂ ಸಣ್ಣಪುಟ್ಟ ಉಪಕರಣಗಳಿಗೆಂದೇ 10 ವರುಷಗಳನ್ನು ಮೀರದ ಕಿರಿಯ ಪೇಟೆಂಟೊಂದಿದೆ, ಚೀನದಲ್ಲೂ ಅಂಥದಿದೆ. ನಮ್ಮಲ್ಲಿ ಅದಿಲ್ಲ. ಅದು ಬಂದರೆ ದೊಡ್ಡ ಕಂಪನಿಗಳು ಕ್ಷುಲ್ಲಕ ವಸ್ತುಗಳಿಗೂ ಬೇಲಿ ಹಾಕಿಯಾವೆಂಬ ಭಯ ನಿರಾಧಾರವಲ್ಲ. ಆದರೂ ವ್ಯಕ್ತಿಗಳಿಗೂ ಸಣ್ಣ ಕಾರ್ಖಾನೆಗಳಿಗೂ ಮಾತ್ರ ಸೀಮಿತವಾಗಿ ಅಂಥ ಹಕ್ಕನ್ನು ಪರಿಶೀಲಿಸುವುದು ಯೋಗ್ಯವೆಂದು ನಮಗೆ ತೋರುತ್ತದೆ.

ಕಡೆಯ ಮಾತು ಒಲೆಯ ಮುಂದೆ, ಗಲ್ಲಾದ ಹಿಂದೆ, ಕಚೇರಿಯ ಮೇಜಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ. ಪೇಟೆಂಟ್ ಎಂದೊಡನೆ ಲಕ್ಷಾಧೀಶರಾಗುವ ಕನಸು ಬೇಡ. ಪೇಟೆಂಟ್ ಪಡೆದೂ ಒಂದು ಕಾಸನ್ನೂ ಕಾಣದವರುಂಟು. ಮಾರುಕಟ್ಟೆಯಲ್ಲಿ ಕೊಳ್ಳುವವನಿಲ್ಲದ ವಸ್ತುವಿಗೆ ಹಕ್ಕುಪತ್ರವು ಗೋಡೆಯ ಮೇಲಿನ ಪಟ ಮಾತ್ರ. ಆದರೆ ಬೆಲೆಯುಳ್ಳದ್ದನ್ನು ಬೆಲೆಯಿಲ್ಲವೆಂದು ತಿಳಿದು ಬಿಟ್ಟುಕೊಡುವುದೂ ಬೇಡ. ಹೊಸದೇನಾದರೂ ಹೊಳೆದರೆ ಒಂದು ನೋಟುಬುಕ್ಕಿನಲ್ಲಿ ತಾರೀಖಿನೊಡನೆ ಬರೆದಿಡಿರಿ, ಚಿತ್ರ ಗೀಚಿಡಿರಿ. ತೋರಿಸುವ ಮುನ್ನ ಕೇಳಿರಿ; ಸಹಿ ಹಾಕುವ ಮುನ್ನ ಓದಿರಿ.

ಆ ಕುಂದಾಪುರದ ಯುವಕನು ಮುಂದೆ ನಮ್ಮಲ್ಲಿಂದ ಬೇರೆ ಹೋಟೆಲಿಗೆ ಹೋದನು. ಅಲ್ಲಿಯ ಅಡುಗೆಮನೆಯಲ್ಲಿ ಆ ವ್ಯಾಪಾರಿಯ ಹೆಸರು ಕೊರೆದ ಪೆಟ್ಟಿಗೆಯ ಮುಂದೆ ಅವನು ಇಡ್ಲಿ ಬೇಯಿಸುತ್ತಿದ್ದುದನ್ನು ನಾವು ಕಣ್ಣಾರೆ ಕಂಡೆವು. "ಕೈ ಸುಡುವುದಿಲ್ಲ ಧಣಿ, ಅಷ್ಟು ಸಾಕು" ಎಂದು ನಕ್ಕನು. ಅವನಿಗೆ ಸಾಕಾಗಿರಬಹುದು. ನಮಗೆ ಸಾಕಾಗಿಲ್ಲವಾದುದರಿಂದ ಇಷ್ಟನ್ನು ಬರೆದಿದ್ದೇವೆ.